ಜೋಳದ ಋಣ ಯಾರದು?

ಹಳಗನ್ನಡದಲ್ಲಿ ‘ಜೋಳವಾಳಿ’ ಎಂಬ ಮಾತೊಂದಿದೆ. ಒಡೆಯನ ಮನೆಯ ಜೋಳವನ್ನುಂಡವನು ಆ ಒಡೆಯನಿಗೆ ಸಲ್ಲಿಸಬೇಕಾದ ನಿಷ್ಠೆ ಎಂದು ಅದರ ಅರ್ಥ. ನಮ್ಮ ಹಳೆಯ ಕಾವ್ಯಗಳಲ್ಲಿಯೂ ಶಾಸನಗಳಲ್ಲಿಯೂ ಈ ಕಲ್ಪನೆ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಉಂಡ ಜೋಳಕ್ಕೆ ಪ್ರತಿಯಾಗಿ ಪ್ರಾಣವನ್ನೇ ಒಪ್ಪಿಸಿದವರನ್ನು ಕನ್ನಡ ನಾಡು ಕೊಂಡಾಡಿದೆ, ಕಲ್ಲು ನೆಟ್ಟು ಪೂಜಿಸಿದೆ. ಮಂಗಳವೇಢೆಯ ಮಾಲದಂಡಿ ಜೋಳದ ರೊಟ್ಟಿಯನ್ನುಂಡು ಬೆಳೆದ ಸೊಲ್ಲಾಪುರ, ಅಕ್ಕಲಕೋಟೆ ಭಾಗದ ಕನ್ನಡಿಗರಾದ ನಮಗೆ ಈ ಮಾತು ಬರಿಯ ನಿಘಂಟಿನ ಶಬ್ದವಾಗಿ ಉಳಿದಿಲ್ಲ. “ಅವರ ಮನೆಯ ಅನ್ನ ತಿಂದೀನಿ, ಎರಡು ಬಗೆಯಲಾರೆ” ಎಂದು ಹೇಳುವ ಹಿರಿಯರು ಇಂದಿಗೂ ನಮ್ಮ ಹಳ್ಳಿಗಳಲ್ಲಿದ್ದಾರೆ.

ಆದರೆ ಈ ಲೆಕ್ಕದಲ್ಲಿ ಒಂದು ಕಡೆಯ ಪುಟ ಮಾತ್ರ ತುಂಬಿದೆ. ಆಳಿನ ಋಣವನ್ನು ನಮ್ಮ ಪೂರ್ವಿಕರು ಕಾಳುಕಾಳಾಗಿ ಎಣಿಸಿದರು. ಒಡೆಯನ ಋಣವನ್ನು ಅಷ್ಟು ಎಚ್ಚರದಿಂದ ಎಣಿಸಲಿಲ್ಲ. ಆ ಜೋಳವನ್ನು ಬಿತ್ತಿದವರು ಯಾರು? ಹಕ್ಕಿ ಕಾದವರು ಯಾರು? ತೆನೆ ಮುರಿದು, ಕಣದಲ್ಲಿ ರಾಶಿ ಮಾಡಿ, ಹೊತ್ತು ತಂದು ಹಗೇವಿಗೆ ತುಂಬಿದವರು ಯಾರು? ಉಣ್ಣಿಸಿದವನೆಂದು ಹೆಸರಾದ ಒಡೆಯನೂ ಆಳಿನ ಕೈಯಿಂದಲೇ ಉಂಡವನಲ್ಲವೆ? ಹಾಗಾದರೆ ದುಡಿದವನಿಗೆ ದುಡಿಸಿಕೊಂಡವನು ಸಲ್ಲಿಸಬೇಕಾದದ್ದು ಏನು, ಅದನ್ನು ಸಲ್ಲಿಸುವ ರೀತಿ ಯಾವುದು? ಈ ಪ್ರಶ್ನೆಯನ್ನು ಸಂಘದ ಬಂಧುಗಳ ಮುಂದಿಡಲು ಬಯಸುತ್ತೇವೆ.

ಇದು ದೊಡ್ಡ ಕಾರ್ಖಾನೆಗಳ ಮಾಲೀಕರಿಗೆ ಮಾತ್ರ ಸಂಬಂಧಿಸಿದ್ದೆಂದು ಯಾರೂ ತಿಳಿಯಬಾರದು. ನಮ್ಮ ಸಂಘದ ಸದಸ್ಯರಲ್ಲಿ ನಾಲ್ಕು ಮಗ್ಗ ಇಟ್ಟವರಿದ್ದಾರೆ, ಕಿರಾಣಿ ಅಂಗಡಿಯವರಿದ್ದಾರೆ, ಹೊಲಕ್ಕೆ ಆಳು ಕರೆಯುವವರಿದ್ದಾರೆ, ಶಾಲೆ ಹಾಗೂ ಬ್ಯಾಂಕುಗಳ ಆಡಳಿತ ನೋಡುವವರಿದ್ದಾರೆ. ಇವಾವುವೂ ಇಲ್ಲದವರ ಮನೆಗೂ ಭಾಂಡೆ ತೊಳೆಯಲು ಒಬ್ಬ ಬಾಯಿ ಬರುತ್ತಾಳೆ. ನಮ್ಮ ಮಕ್ಕಳು ಪುಣೆ, ಬೆಂಗಳೂರುಗಳ ಕಂಪನಿಗಳಲ್ಲಿ ದುಡಿಯುತ್ತಿದ್ದಾರೆ. ಇಂದು ಮೆಚ್ಚುಗೆಯನ್ನು ನಿರೀಕ್ಷಿಸುವ ಅವರು ನಾಳೆ ಇತರರನ್ನು ಮೆಚ್ಚಬೇಕಾದ ಸ್ಥಾನಕ್ಕೆ ಬರುವವರು. ಪ್ರತಿಯೊಬ್ಬರೂ ಒಂದಲ್ಲ ಒಂದು ಕಡೆಯಲ್ಲಿ ಇನ್ನೊಬ್ಬರ ದುಡಿಮೆಯ ಫಲವನ್ನು ಉಣ್ಣುತ್ತಲೇ ಇರುತ್ತೇವೆ.

ಮೊದಲು ಶಬ್ದಗಳನ್ನು ಬೇರ್ಪಡಿಸಿಕೊಳ್ಳುವುದು ಒಳ್ಳೆಯದು. ಸಂಸ್ಕೃತದ ‘ಶಂಬಲ’ ಎಂದರೆ ದಾರಿಯ ಬುತ್ತಿ. ನಮ್ಮ ‘ಸಂಬಳ’ ಅದಕ್ಕೆ ಸೇರಿದ ಮಾತು. ಬುತ್ತಿಯಿಲ್ಲದೆ ದಾರಿ ಸಾಗದು. ಆದುದರಿಂದ ಸಂಬಳ ದುಡಿಯುವವನ ಹಕ್ಕು. ‘ಬಕ್ಷೀಸು’ ಪಾರಸಿಯಿಂದ ಬಂದದ್ದು. ಅದು ಕೊಡುವವನ ಇಚ್ಛೆಗೆ ಬಿಟ್ಟದ್ದು; ಕೊಟ್ಟರೂ ಸರಿ, ಬಿಟ್ಟರೂ ಯಾರೂ ಕೇಳುವಂತಿಲ್ಲ. ‘ಮನ್ನಣೆ’ ಇವೆರಡಕ್ಕಿಂತ ಬೇರೆ. ಅದರಲ್ಲಿ ಹಣವಿರಬಹುದು, ಇಲ್ಲದಿರಬಹುದು. ಆದರೆ ಒಬ್ಬನ ಕೆಲಸವನ್ನು ಇನ್ನೊಬ್ಬನು ಕಂಡು, ಅರಿತು, ಒಪ್ಪಿಕೊಂಡಿದ್ದಾನೆ ಎಂಬುದು ಇರಲೇಬೇಕು. ಈ ಮೂರನ್ನು ಒಂದರ ಜಾಗದಲ್ಲಿ ಇನ್ನೊಂದನ್ನಿಟ್ಟು ವ್ಯವಹರಿಸಿದಾಗ ಅನ್ಯಾಯ ಆರಂಭವಾಗುತ್ತದೆ.

ಒಂದು ಉದಾಹರಣೆ ನೋಡೋಣ. ದೀಪಾವಳಿಯ ಬೋನಸ್ಸನ್ನು ಬಹಳ ಮಂದಿ ಮಾಲೀಕನ ಔದಾರ್ಯವೆಂದು ತಿಳಿದಿದ್ದಾರೆ. 1965ರ ಬೋನಸ್ ಕಾಯ್ದೆಯು ಅದರ ವ್ಯಾಪ್ತಿಗೆ ಬರುವ ನೌಕರರಿಗೆ ವರ್ಷದ ವೇತನದ ಶೇಕಡಾ 8.33ರಷ್ಟು ಕನಿಷ್ಠ ಬೋನಸ್ಸನ್ನು ಗೊತ್ತುಪಡಿಸಿತು. ಈ ವಿಚಿತ್ರ ಸಂಖ್ಯೆ ಎಲ್ಲಿಂದ ಬಂತೆಂದು ಮಕ್ಕಳಿಗೆ ಲೆಕ್ಕ ಹಾಕಲು ಹೇಳಬೇಕು. ನೂರನ್ನು ಹನ್ನೆರಡರಿಂದ ಭಾಗಿಸಿದರೆ 8.33 ಬರುತ್ತದೆ. ಎಂದರೆ ಹನ್ನೆರಡು ತಿಂಗಳು ದುಡಿದವನಿಗೆ ಹದಿಮೂರನೆಯ ತಿಂಗಳ ಸಂಬಳ. ಹಾಗೆಯೇ 1972ರ ಗ್ರಾಚ್ಯುಯಿಟಿ ಕಾಯ್ದೆ. ಹತ್ತು ಅಥವಾ ಹೆಚ್ಚು ಜನ ದುಡಿಯುವ ಸಂಸ್ಥೆಯಲ್ಲಿ ಐದು ವರ್ಷ ಪೂರೈಸಿದವನು ಕೆಲಸ ಬಿಡುವಾಗ, ಪ್ರತಿ ವರ್ಷದ ಸೇವೆಗೆ 15 ದಿನಗಳ ಸಂಬಳ ಸಲ್ಲಬೇಕೆಂದು ಅದು ವಿಧಿಸಿತು. ತಿಂಗಳನ್ನು 26 ದಿನಗಳೆಂದು ಎಣಿಸುವುದು ಅಲ್ಲಿಯ ಪದ್ಧತಿ. ತಿಂಗಳಿಗೆ 13,000 ರೂಪಾಯಿ ಪಡೆಯುವವನ ದಿನದ ಸಂಬಳ 500 ರೂಪಾಯಿ. ಮೂವತ್ತು ವರ್ಷ ದುಡಿದಿದ್ದರೆ 450 ದಿನಗಳ ಲೆಕ್ಕದಲ್ಲಿ 2,25,000 ರೂಪಾಯಿ. ಕಾಯ್ದೆಗಳ ಹೆಸರುಗಳೂ ಜೋಡಣೆಯೂ ಬದಲಾಗಬಹುದು, ತತ್ತ್ವ ಬದಲಾಗದು. ಈ ಎರಡು ಕಾಲು ಲಕ್ಷವನ್ನು ಕೊಡದೆ, ನಿವೃತ್ತಿಯ ದಿನ ತಲೆಗೆ ಫೇಟಾ ಸುತ್ತಿ, ಶಾಲು ಹೊದಿಸಿ, ಕೈಗೆ ತೆಂಗಿನಕಾಯಿಯಿಟ್ಟು ಕಳಿಸಿದರೆ ಅದನ್ನು ಸತ್ಕಾರವೆಂದು ಕರೆಯಲು ನಮಗೆ ನಾಲಿಗೆ ಏಳುವುದಿಲ್ಲ. ಅದು ಸಾಲ ತೀರಿಸದವನು ಸಾಲಗಾರನಿಗೆ ಹಾಕಿದ ಹಾರ.

ಇಲ್ಲಿ ಮನೆಗೆಲಸದವಳ ಮಾತನ್ನೂ ಹೇಳಬೇಕು. ಆಕೆಗೆ ಈ ಕಾಯ್ದೆಗಳ ನೆರಳು ಬೀಳುವುದಿಲ್ಲ. ಇಪ್ಪತ್ತು ವರ್ಷ ಒಂದೇ ಮನೆಯಲ್ಲಿ ಭಾಂಡೆ ತೊಳೆದು, ಆ ಮನೆಯ ಮಕ್ಕಳ ಮದುವೆಯಲ್ಲಿ ರಾತ್ರಿಯಿಡೀ ನಿಂತು ದುಡಿದವಳಿಗೆ, ಮೊಣಕಾಲು ಸೋತ ದಿನ ಸಿಗುವುದೇನು? ಹಬ್ಬಕ್ಕೊಮ್ಮೆ ನಾವು ಉಟ್ಟುಬಿಟ್ಟ ಸೀರೆ. ಹಳೆಯ ಸೀರೆ ಕೊಡುವುದು ತಪ್ಪೇನಲ್ಲ. ಆದರೆ ನಮಗೆ ಬೇಡವಾದದ್ದನ್ನು ದಾಟಿಸಿ ಅದಕ್ಕೆ ಮೆಚ್ಚುಗೆಯೆಂದು ಹೆಸರಿಡುವುದು ಸರಿಯಲ್ಲ. ಕಾನೂನು ಕೇಳದಿರುವಲ್ಲಿ ಋಣವೇ ಇಲ್ಲವೆಂದು ಅರ್ಥವೆ? ವರ್ಷಕ್ಕೆ ಹದಿನೈದು ದಿನಗಳ ಸಂಬಳವನ್ನು ಅವಳ ಹೆಸರಿನಲ್ಲಿ ಬ್ಯಾಂಕಿನಲ್ಲಿಡುವುದಕ್ಕೆ ಯಾವ ಕಾನೂನೂ ಅಡ್ಡ ಬರುವುದಿಲ್ಲ.

ಶಬ್ದಗಳ ಗೊಂದಲದಲ್ಲಿ ಅತ್ಯಂತ ನೋವಿನದು ‘ಗೌರವಧನ’ ಎಂಬುದು. ಶಾಲೆಯಲ್ಲಿ ಬದುಕು ಕಳೆದವರಾದ ನಮಗೆ ಈ ಮಾತು ಬಿಸಿಯೂಟದ ಅಡುಗೆಯವರ ಮೂಲಕ ಪರಿಚಯವಾಯಿತು. 2009ರಲ್ಲಿ ಕೇಂದ್ರ ಸರಕಾರವು ಅಡುಗೆಯವರಿಗೆ ತಿಂಗಳಿಗೆ 1,000 ರೂಪಾಯಿಯಂತೆ ವರ್ಷಕ್ಕೆ ಹತ್ತು ತಿಂಗಳ ಗೌರವಧನವನ್ನು ಗೊತ್ತುಪಡಿಸಿತು. ರಾಜ್ಯಗಳು ತಮ್ಮ ಪಾಲನ್ನು ಸೇರಿಸಬಹುದೆಂಬುದು ಬೇರೆ ಮಾತು. ಕೂಲಿಯೆಂದರೆ ಕನಿಷ್ಠ ಕೂಲಿಯ ಪ್ರಶ್ನೆ ಬರುತ್ತದೆ. ಗೌರವಧನವೆಂದರೆ ಆ ಪ್ರಶ್ನೆ ಬಾಗಿಲ ಹೊರಗೇ ನಿಲ್ಲುತ್ತದೆ. ಹೊಗೆಯಲ್ಲಿ ಕಣ್ಣು ಕೆಂಪಾಗಿಸಿಕೊಂಡು ನೂರಾರು ಮಕ್ಕಳಿಗೆ ಅನ್ನ ಮಾಡುವವಳಿಗೆ ಕೊಡುವ ಹಣ ಕಡಿಮೆಯಾದಷ್ಟೂ ಅದರ ಹೆಸರು ದೊಡ್ಡದಾಯಿತು. ‘ಗೌರವ’ ಎಂಬ ಶಬ್ದವನ್ನು ಕೊರತೆಯನ್ನು ಮುಚ್ಚುವ ಹೊದಿಕೆಯಾಗಿ ಬಳಸಬಾರದೆಂಬುದು ಕನ್ನಡದ ಮೇಷ್ಟ್ರುಗಳಾದ ನಮ್ಮ ಒಂದು ಸಣ್ಣ ಬೇಡಿಕೆಯೂ ಹೌದು.

ಆಶಾ ಕಾರ್ಯಕರ್ತೆಯರ ಕಥೆಯೂ ಇದೇ ದಾರಿಯದು. 2020ರ ಮಾರ್ಚ್ 22ರ ಸಂಜೆ ಐದು ಗಂಟೆಗೆ ದೇಶವೆಲ್ಲ ತಟ್ಟೆ, ಜಾಗಟೆ ಬಾರಿಸಿತು. ಅದೇ ವರ್ಷ ಮೇ 3ರಂದು ಸೇನೆಯ ಹೆಲಿಕಾಪ್ಟರುಗಳು ಆಸ್ಪತ್ರೆಗಳ ಮೇಲೆ ಹೂಮಳೆಗರೆದವು. 2022ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ನಮ್ಮ ಸುಮಾರು ಹತ್ತು ಲಕ್ಷ ಆಶಾ ಕಾರ್ಯಕರ್ತೆಯರಿಗೆ ಜಾಗತಿಕ ಪ್ರಶಸ್ತಿಯನ್ನು ಘೋಷಿಸಿತು. ಇವೆಲ್ಲವೂ ಒಳ್ಳೆಯ ಮನಸ್ಸಿನಿಂದಲೇ ನಡೆದವು. ಅಂದು ತಟ್ಟೆ ಬಾರಿಸಿದವರಲ್ಲಿ ಅನೇಕರ ಕಣ್ಣು ನಿಜವಾಗಿ ತೇವಗೊಂಡಿತ್ತು. ಆದರೆ 2025ರ ಫೆಬ್ರವರಿಯಲ್ಲಿ ಕೇರಳದ ಆಶಾ ಕಾರ್ಯಕರ್ತೆಯರು ತಿರುವನಂತಪುರದ ಸಚಿವಾಲಯದ ಮುಂದೆ ಹಗಲಿರುಳು ಧರಣಿ ಕುಳಿತಾಗ ಅವರು ಹೂವನ್ನು ಕೇಳಲಿಲ್ಲ. 7,000 ರೂಪಾಯಿಯ ಗೌರವಧನವನ್ನು 21,000ಕ್ಕೆ ಏರಿಸಬೇಕೆಂದೂ, ನಿವೃತ್ತಿಯ ಕಾಲಕ್ಕೆ ಕೈಗೊಂದು ಇಡುಗಂಟು ಬೇಕೆಂದೂ ಕೇಳಿದರು. ಅಂಗನವಾಡಿಯ ಕಾರ್ಯಕರ್ತೆಯರಿಗೂ ಸಹಾಯಕಿಯರಿಗೂ ಗ್ರಾಚ್ಯುಯಿಟಿಯ ಹಕ್ಕಿದೆ ಎಂದು 2022ರ ಏಪ್ರಿಲಿನಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಬೇಕಾಯಿತು. ನಮ್ಮ ಸೊಲ್ಲಾಪುರದ ಬೀಡಿ ಕಟ್ಟುವ ಹೆಂಗಸರನ್ನೇ ನೋಡಿರಿ. ಸಾವಿರ ಬೀಡಿಗೆ ಇಷ್ಟು ಎಂಬ ಲೆಕ್ಕದಲ್ಲಿ ಬೆನ್ನು ಬಗ್ಗಿಸಿದ ಅವರು ದಶಕಗಳ ಕಾಲ ಸಂಘಟಿತರಾಗಿ ಕೇಳಿದ್ದು ತಲೆಯ ಮೇಲೊಂದು ಸೂರು. ಕುಂಭಾರಿಯ ಬಳಿ 10,000 ಮನೆಗಳ ವಸಾಹತು 2006ರಲ್ಲಿ ಅವರ ಕೈಸೇರಿತು. ದುಡಿಯುವವರಿಗೆ ಏನು ಬೇಕೆಂಬುದು ದುಡಿಯುವವರಿಗೇ ಚೆನ್ನಾಗಿ ಗೊತ್ತಿರುತ್ತದೆ. ನಾವು ಊಹಿಸಿ ಕೊಡುವುದಕ್ಕಿಂತ ಕೇಳಿ ಕೊಡುವುದು ಮೇಲು.

ಕೇಳಿ ಕೊಡುವ ಸಂಪ್ರದಾಯವೂ ನಮಗೆ ಹೊಸದಲ್ಲ. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ ಕ್ರಿ.ಶ. 949-50ರದು. ತಕ್ಕೋಲದ ಯುದ್ಧದಲ್ಲಿ ಮಣಲೆರನೆಂಬ ವೀರನ ಪರಾಕ್ರಮಕ್ಕೆ ಮೆಚ್ಚಿದ ಗಂಗರ ಬೂತುಗನು, ಬೇಕಾದುದನ್ನು ಬೇಡಿಕೋ ಎಂದನು. ಮಣಲೆರನು ಬೇಡಿದ್ದು ಕಾಳಿ ಎಂಬ ನಾಯಿಯನ್ನು. ಮುಂದೆ ಆ ನಾಯಿ ದೊಡ್ಡದೊಂದು ಹಂದಿಯೊಡನೆ ಕಾದಿ, ಎರಡೂ ಜೊತೆಯಲ್ಲಿ ಸತ್ತಾಗ, ಮಣಲೆರನು ಅದರ ನೆನಪಿಗೆ ಕಲ್ಲು ನಿಲ್ಲಿಸಿ, ಆ ಕಲ್ಲಿನ ಪೂಜೆಗೆಂದು ಭೂಮಿ ಬಿಟ್ಟನು. ಸಾವಿರ ವರ್ಷ ದಾಟಿದರೂ ಆ ನಾಯಿಯ ಹೆಸರು ನಮಗೆ ಗೊತ್ತಿದೆ. ಈ ಶಾಸನದಲ್ಲಿ ಮೆಚ್ಚುಗೆಯ ಎರಡು ಲಕ್ಷಣಗಳು ಸ್ಪಷ್ಟವಾಗಿವೆ. ಒಡೆಯನು ತನ್ನ ಮನಸ್ಸಿಗೆ ಬಂದದ್ದನ್ನು ಕೊಡದೆ ಮೊದಲು ಕೇಳಿದನು. ಸೇವೆ ಸಲ್ಲಿಸಿದ ಜೀವದ ಹೆಸರನ್ನು ಕಲ್ಲಿನಲ್ಲಿ ಉಳಿಸಿದರು.

ಹೆಸರಿನ ಮಾತು ಬಂದುದರಿಂದ ಇನ್ನಷ್ಟು ಹೇಳಬೇಕು. ವಿಷ್ಣುವರ್ಧನನು 1117ರಲ್ಲಿ ಪ್ರತಿಷ್ಠಿಸಿದ ಬೇಲೂರಿನ ದೇವಾಲಯದಲ್ಲಿ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ತಾವು ಕಡೆದ ಮೂರ್ತಿಗಳ ಕೆಳಗೆ ಹೆಸರು ಕೆತ್ತಿದ್ದಾರೆ. ಸೋಮನಾಥಪುರದಲ್ಲಿ ಮಲ್ಲಿತಮ್ಮನ ಹೆಸರಿದೆ. ರೂವಾರಿಗಳಿಗೆ ಕಲ್ಲಿನಲ್ಲಿ ಒಂದು ಗೇಣು ಜಾಗ ಬಿಟ್ಟುಕೊಟ್ಟದ್ದರಿಂದ ಅರಸನ ಕೀರ್ತಿ ಕುಗ್ಗಲಿಲ್ಲ. ಇಂದು ನಮ್ಮ ಶಾಲೆ, ಸಭಾಭವನಗಳ ಹೊಸ್ತಿಲ ಬಳಿಯ ಶಿಲಾಫಲಕಗಳನ್ನು ಓದಿರಿ. ಉದ್ಘಾಟಿಸಿದವರ, ಅಧ್ಯಕ್ಷತೆ ವಹಿಸಿದವರ, ಉಪಸ್ಥಿತರಿದ್ದವರ ಹೆಸರುಗಳೆಲ್ಲ ಅಲ್ಲಿರುತ್ತವೆ. ಗೋಡೆಯನ್ನು ತೂಗುಗುಂಡು ಹಿಡಿದು ನೆಟ್ಟಗೆ ಎಬ್ಬಿಸಿದ ಗೌಂಡಿಯ ಹೆಸರಿಗೆ ಜಾಗವಿರುವುದಿಲ್ಲ. ಸೊಲ್ಲಾಪುರಿ ಚಾದರಕ್ಕೆ ಭೌಗೋಳಿಕ ಸೂಚಕದ ಮನ್ನಣೆ ದೊರೆತು ಊರಿನ ಹೆಸರು ದೇಶಕ್ಕೆ ಪರಿಚಯವಾದದ್ದು ನಮ್ಮೆಲ್ಲರಿಗೂ ಹೆಮ್ಮೆಯ ವಿಷಯ. ಆದರೆ ನಾವು ಹೊದ್ದುಕೊಂಡ ಚಾದರವನ್ನು ನೆಯ್ದ ಕೈ ಯಾರದೆಂದು ಅದರ ಅಂಚಿನಲ್ಲಿ ಬರೆದಿರುವುದಿಲ್ಲ.

ಇಲ್ಲಿ ಒಬ್ಬರು ಕೇಳಬಹುದು: ಕೂಲಿಯನ್ನು ಪೂರ್ಣವಾಗಿ ಕೊಟ್ಟ ಮೇಲೆ ಈ ಹೆಸರು, ಮಾತು, ಮನ್ನಣೆಗಳ ಗೊಡವೆ ಏಕೆ? ಲೆಕ್ಕ ಚುಕ್ತಾ ಆಯಿತಲ್ಲವೆ? ಪ್ರಶ್ನೆ ತಳ್ಳಿಹಾಕುವಂಥದಲ್ಲ. ನಮ್ಮ ಊರಿನ ಸಿದ್ಧರಾಮೇಶ್ವರರ ಕಥೆಯೊಂದು ಇದಕ್ಕೆ ಉತ್ತರ ಹೇಳುತ್ತದೆಂದು ನಮಗೆ ತೋರುತ್ತದೆ. ಸೊನ್ನಲಿಗೆಯಲ್ಲಿ ಕೆರೆಯ ಕೆಲಸ ನಡೆದಿತ್ತು. ಅಲ್ಲಿಗೆ ಬಂದ ಅಲ್ಲಮಪ್ರಭುಗಳು ಸಿದ್ಧರಾಮರನ್ನು ಒಡ್ಡನೆಂದು ಕರೆದು ವಿಚಾರಿಸಿದರು. ತಮ್ಮ ಗುರುವನ್ನು ಹೀನಾಯವಾಗಿ ಕರೆದರೆಂದು ಸಿಟ್ಟಾದ ಕೆಲಸಗಾರರು ಪ್ರಭುಗಳ ಮೇಲೆ ಕಲ್ಲೆಸೆದರೆಂದು ಶೂನ್ಯಸಂಪಾದನೆ ಹೇಳುತ್ತದೆ. ಈ ಪ್ರಸಂಗದ ಅಧ್ಯಾತ್ಮದ ಅರ್ಥವನ್ನು ಬಲ್ಲವರು ಬೇರೆ ರೀತಿ ವಿವರಿಸುವರು. ನಾವು ಒಂದು ಲೌಕಿಕ ಅಂಶವನ್ನಷ್ಟೇ ಎತ್ತಿಕೊಳ್ಳುತ್ತೇವೆ. ಅಂದು ಕಲ್ಲೆಸೆದವರು ಸ್ವತಃ ಕಲ್ಲು ಹೊರುವವರು, ಮಣ್ಣು ಅಗೆಯುವವರು. ತಮ್ಮದೇ ಕಸುಬಿನ ಹೆಸರು ಅವರ ಕಿವಿಗೆ ಬೈಗುಳವಾಗಿ ಕೇಳಿಸಿತು. ಊರಿಗೆಲ್ಲ ನೀರು ಕೊಡುವ ಕೆರೆಯನ್ನು ಕಟ್ಟುವ ಕೈಗಳಿಗೂ ತಮ್ಮ ಕೆಲಸದ ಹೆಸರು ಹೇಳಿಕೊಳ್ಳಲು ನಾಚಿಕೆಯಾಗುವಂತೆ ಲೋಕ ಮಾಡಿಟ್ಟಿತ್ತು. ಈ ಗಾಯವನ್ನು ಕೂಲಿಯೊಂದೇ ಮಾಯಿಸಲಾರದು. ಅದಕ್ಕೆ ಮನ್ನಣೆ ಬೇಕು. ಕಾಯಕಕ್ಕೆ ಶರಣರು ಕೊಟ್ಟ ಎತ್ತರದ ಸ್ಥಾನ ಈ ಮನ್ನಣೆಯೇ. ಬಸವಣ್ಣನವರೂ ಮಂಗಳವೇಢೆಯಲ್ಲಿ ಬಿಜ್ಜಳನ ಕರಣಿಕರಾಗಿ, ಇನ್ನೊಬ್ಬರ ಕೈಕೆಳಗೆ ಲೆಕ್ಕ ಬರೆದವರೆಂದು ಪರಂಪರೆ ಹೇಳುತ್ತದೆ. ದುಡಿಯುವವನ ಮನಸ್ಸು ಅವರಿಗೆ ಹೊರಗಿನಿಂದ ತಿಳಿದದ್ದಲ್ಲ.

ಇನ್ನೊಂದು ಆಕ್ಷೇಪ ನಮ್ಮ ವೃತ್ತಿಬಾಂಧವರಿಂದಲೇ ಬರುವಂಥದು. ಹೊಗಳಿದರೆ ಆಳು ಕೆಡುತ್ತಾನೆ, ಹುಡುಗ ಕೆಡುತ್ತಾನೆ ಎಂದು ಹಿಂದಿನ ಮಾಸ್ತರರು ನಂಬಿದ್ದರು. ಅದರಲ್ಲಿ ಅರ್ಧ ಸತ್ಯವಿದೆ. ಇಡೀ ವರ್ಗದ ವಹಿಗಳ ಮೇಲೆ ಒಂದೇ ಸಮನೆ ‘ಛಲೋ’ ಎಂದು ಷರಾ ಬರೆದರೆ ಯಾರಿಗೂ ಉಪಯೋಗವಿಲ್ಲ. ಮಾಸ್ತರರು ಓದಿಲ್ಲವೆಂಬುದು ಹುಡುಗರಿಗೆ ತಕ್ಷಣ ತಿಳಿಯುತ್ತದೆ. ಅದರ ಬದಲು, “ಮೂರನೆಯ ಲೆಕ್ಕದಲ್ಲಿ ನೀನು ಹಿಡಿದ ದಾರಿ ಪುಸ್ತಕದ ದಾರಿಗಿಂತ ಹತ್ತಿರದ್ದು” ಎಂದು ಬರೆದರೆ ಆ ಹುಡುಗ ಆ ಪುಟವನ್ನು ಮನೆಯಲ್ಲೆಲ್ಲ ತೋರಿಸಿಕೊಂಡು ಬರುತ್ತಾನೆ. ಇನ್ನೂ ಮುಖ್ಯವಾಗಿ, ನಾಳೆಯ ಲೆಕ್ಕವನ್ನು ಇನ್ನಷ್ಟು ಯೋಚಿಸಿ ಬಿಡಿಸುತ್ತಾನೆ. ದೊಡ್ಡವರ ವಿಷಯವೂ ಹೀಗೆಯೇ. “ನೀವೆಲ್ಲ ನಮ್ಮ ಕುಟುಂಬದಂತೆ” ಎಂಬ ಭಾಷಣ ಗಾಳಿಗೆ ಹೋಗುತ್ತದೆ. “ಮಳೆಗಾಲಕ್ಕೆ ಮೊದಲೇ ನೀವು ಆ ಮೂಲೆಯ ಪತ್ರಾ ಸರಿಮಾಡಿಸಿದ್ದರಿಂದ ದಾಖಲೆಯ ಪುಸ್ತಕಗಳು ಉಳಿದವು” ಎಂದು ಶಾಲೆಯ ಶಿಪಾಯಿಗೆ ಹೇಳಿದರೆ ಅದು ಉಳಿಯುತ್ತದೆ. ಹಾಗೆ ಹೇಳಬೇಕಾದರೆ ಮೂಲೆ ಯಾವುದು, ಪತ್ರಾ ಎಲ್ಲಿ ಸೀಳಿತ್ತು ಎಂಬುದು ನಮಗೂ ಗೊತ್ತಿರಬೇಕು. ಮೆಚ್ಚುಗೆಗೆ ಮುಂಚೆ ಅರಿವು ಬರಬೇಕು. ಕೆಲಸವನ್ನು ಅರಿಯದವನ ಹೊಗಳಿಕೆ, ಸದ್ಭಾವದಿಂದ ಬಂದರೂ, ಕೇಳುವವನ ಹೆಗಲ ಮೇಲಿಂದ ಹಾದು ಎಲ್ಲಿಯೋ ಬೀಳುತ್ತದೆ.

ಸರಕಾರಿ ನೌಕರಿಯಲ್ಲಿದ್ದವರಿಗೆ ಇನ್ನೊಂದು ಸಂಗತಿ ನೆನಪಿರಬಹುದು. ಪ್ರತಿ ವರ್ಷ ನೌಕರನ ಬಗ್ಗೆ ಗೋಪನೀಯ ವರದಿ ಬರೆಯುವ ಪದ್ಧತಿಯಿತ್ತು. ಅದರಲ್ಲಿ ಕೆಟ್ಟ ಷರಾ ಬಿದ್ದರೆ ಅದನ್ನು ನೌಕರನಿಗೆ ತಿಳಿಸಬೇಕೆಂಬ ನಿಯಮವಿತ್ತು. ಒಳ್ಳೆಯದು ಬರೆದಿದ್ದರೆ ತಿಳಿಸುವ ರೂಢಿ ಇರಲಿಲ್ಲ. ಹೀಗಾಗಿ ಬೈಗುಳವು ಟಪಾಲಿನಲ್ಲಿ ಬರುತ್ತಿತ್ತು, ಮೆಚ್ಚುಗೆಯು ಕಪಾಟಿನಲ್ಲಿ ಕೊಳೆಯುತ್ತಿತ್ತು. ಎಷ್ಟೋ ಮಂದಿ ತಮ್ಮ ಬಗ್ಗೆ ಮೇಲಧಿಕಾರಿ ‘ಅತ್ಯುತ್ತಮ’ ಎಂದು ಬರೆದಿದ್ದನ್ನು ತಿಳಿಯದೆಯೇ ನಿವೃತ್ತರಾಗಿ ಹೋದರು. ಒಳ್ಳೆಯದಿರಲಿ ಕೆಟ್ಟದ್ದಿರಲಿ, ಪ್ರತಿಯೊಂದು ಷರಾವನ್ನೂ ನೌಕರನಿಗೆ ತಿಳಿಸಬೇಕೆಂದು ಸರ್ವೋಚ್ಚ ನ್ಯಾಯಾಲಯ 2008ರಲ್ಲಿ ತೀರ್ಪಿತ್ತಿತು. ನಮ್ಮ ಮನೆ, ಅಂಗಡಿಗಳಲ್ಲಿ ಈ ತೀರ್ಪು ಇನ್ನೂ ಜಾರಿಯಾಗಬೇಕಾಗಿದೆ. ಉಪ್ಪು ಹೆಚ್ಚಾದ ದಿನ ಅಡುಗೆಯವಳನ್ನು ಕರೆದು ಹೇಳುತ್ತೇವೆ. ಹದವಾಗಿದ್ದ ಮುನ್ನೂರು ದಿನ ಸುಮ್ಮನೆ ಉಂಡೇಳುತ್ತೇವೆ.

ಇನ್ನು ಬಹುಮಾನದ ಮಾತು. ‘ತಿಂಗಳ ಉತ್ತಮ ನೌಕರ’ ಎಂದು ಒಬ್ಬನ ಭಾವಚಿತ್ರವನ್ನು ಗೋಡೆಗೆ ಹಾಕುವ ರೂಢಿ ಈಗ ಅಂಗಡಿಗಳಲ್ಲಿಯೂ ಬಂದಿದೆ. ಒಬ್ಬನೇ ಮಾಡಿ ಮುಗಿಸುವ ಕೆಲಸಕ್ಕೆ ಅದು ಒಪ್ಪಬಹುದು. ಆದರೆ ಒಂದು ಚಾದರವನ್ನು ತೆಗೆದುಕೊಳ್ಳಿರಿ. ನೂಲಿಗೆ ಬಣ್ಣ ಕಟ್ಟಿದವರು, ಹಾಸು ಹೂಡಿದವರು, ಕಂಡಿಕೆ ಸುತ್ತಿದ ಹೆಂಗಸರು, ಮಗ್ಗದ ಮುಂದೆ ಪಾಳಿ ಮುಗಿಸಿದವನು, ಅಂಚು ನೋಡಿ ಮಡಿಕೆ ಹಾಕಿದವರು ಎಲ್ಲರೂ ಸೇರಿದರೆ ಒಂದು ಚಾದರ. ಇವರಲ್ಲಿ ಯಾರನ್ನು ಗೋಡೆಗೆ ಹಾಕುವುದು? ಸಾಮಾನ್ಯವಾಗಿ ಮಾಲೀಕನ ಕಣ್ಣಿಗೆ ಹತ್ತಿರವಿರುವವನು ಏರುತ್ತಾನೆ. ಹಿಂದಿನ ಕೋಣೆಯಲ್ಲಿ ಕಂಡಿಕೆ ಸುತ್ತುವವಳು ಅಲ್ಲಿಯೇ ಉಳಿಯುತ್ತಾಳೆ. ಒಬ್ಬನನ್ನು ಎತ್ತಿ ಹತ್ತು ಮಂದಿಯನ್ನು ತಗ್ಗಿಸುವ ಬಹುಮಾನಕ್ಕಿಂತ ಹನ್ನೊಂದು ಮಂದಿಗೂ ಸಲ್ಲುವ ಸಣ್ಣದೊಂದು ಅನುಕೂಲ ನಮಗೆ ಹೆಚ್ಚು ಬೆಲೆಯುಳ್ಳದ್ದಾಗಿ ಕಾಣುತ್ತದೆ.

ಅಂಥ ಅನುಕೂಲ ಎಷ್ಟು ಸಣ್ಣದಾಗಿರಬಹುದು ಎಂಬುದಕ್ಕೆ ಒಂದು ಕುರ್ಚಿ ಸಾಕ್ಷಿ. ಕೇರಳದ ಬಟ್ಟೆ ಅಂಗಡಿಗಳಲ್ಲಿ ದಿನವಿಡೀ ನಿಂತೇ ದುಡಿಯುತ್ತಿದ್ದ ಹೆಂಗಸರು ಕುಳಿತುಕೊಳ್ಳುವ ಹಕ್ಕಿಗಾಗಿ ಹೋರಾಡಿದರು. ಕೇರಳ ಸರಕಾರ 2018ರಲ್ಲಿ, ತಮಿಳುನಾಡು 2021ರಲ್ಲಿ ಅಂಗಡಿಗಳ ಕಾಯ್ದೆಗೆ ತಿದ್ದುಪಡಿ ತಂದು ಕೆಲಸಗಾರರಿಗೆ ಆಸನದ ವ್ಯವಸ್ಥೆಯನ್ನು ಕಡ್ಡಾಯಗೊಳಿಸಿದವು. ಕುರ್ಚಿಗಾಗಿಯೂ ಕಾಯ್ದೆ ಬೇಕಾಯಿತೆಂಬುದು ನಾಚಿಕೆಯ ಸಂಗತಿ. ಗಿರಾಕಿ ಇಲ್ಲದ ಹೊತ್ತಿನಲ್ಲಿ “ಕೂಡವ್ವಾ, ಕಾಲು ನೋಯ್ತಾವು” ಎಂದು ಹೇಳಲು ಯಾವ ಅಂಗಡಿಯವನಿಗೂ ಖರ್ಚು ಬರುತ್ತಿರಲಿಲ್ಲ.

ನಮ್ಮ ರೈತರಿಗೆ ಇನ್ನೊಂದು ಮಾತು. ಕಾರಹುಣ್ಣಿಮೆಯ ದಿನ ಎತ್ತುಗಳ ಮೈ ತೊಳೆದು, ಕೋಡಿಗೆ ಬಣ್ಣ ಬಳಿದು, ಹೋಳಿಗೆ ತಿನ್ನಿಸಿ, ಊರಲ್ಲಿ ಮೆರೆಸುತ್ತೇವೆ. ದುಡಿದ ಜೀವಕ್ಕೆ ಕೃತಜ್ಞತೆ ಸಲ್ಲಿಸುವ ಇಂಥ ಹಬ್ಬ ನಮ್ಮಲ್ಲಿರುವುದು ದೊಡ್ಡ ಮಾತೇ ಸರಿ. ಆದರೆ ಎತ್ತಿನ ಹಿತವನ್ನು ನಿರ್ಧರಿಸುವುದು ಮರುದಿನದಿಂದ ಶುರುವಾಗುವ ಮುನ್ನೂರ ಅರವತ್ತನಾಲ್ಕು ದಿನಗಳು: ಹೊತ್ತಿಗೆ ನೀರು, ಮಧ್ಯಾಹ್ನಕ್ಕೆ ನೆರಳು, ಬಾರುಕೋಲಿಗೆ ಬಿಡುವು. ಆ ಎತ್ತಿನ ಹಿಂದೆ ನಡೆಯುವ ವರ್ಷದಾಳಿಗೆ, ಮರಾಠಿಯವರು ‘ಸಾಲಗಡಿ’ ಎನ್ನುವವನಿಗೆ, ಅಂಥ ಒಂದು ಹಬ್ಬವೂ ಇಲ್ಲ. ಯುಗಾದಿಯಿಂದ ಯುಗಾದಿಗೆ ಅವನ ಕರಾರು. ಹಬ್ಬ ಮಾಡದಿದ್ದರೂ ಚಿಂತೆಯಿಲ್ಲ. ಅವನ ನೀರು, ನೆರಳು, ಬಿಡುವುಗಳನ್ನು ಪ್ರತಿದಿನ ನೋಡಿಕೊಂಡರೆ ಸಾಕು.

ಇದರಿಂದ ನಾವು ಕಂಡುಕೊಂಡ ಕ್ರಮ ಇಷ್ಟು. ಮೊದಲು ಸಲ್ಲಬೇಕಾದ ಹಣವನ್ನು ಸಲ್ಲಬೇಕಾದ ದಿನ ಸಲ್ಲಿಸುವುದು. ಕೂಲಿಯವನನ್ನು ಬಾಗಿಲಲ್ಲಿ ಎರಡು ಸಲ ತಿರುಗಿಸಿದ ಮೇಲೆ ಕೊಟ್ಟ ಹಣದಲ್ಲಿ ಮನ್ನಣೆ ಉಳಿಯುವುದಿಲ್ಲ. ಎರಡನೆಯದು, ಹೆಸರು ಹಿಡಿದು, ವಯಸ್ಸಿಗೆ ತಕ್ಕಂತೆ ಕರೆಯುವುದು. ಅಜ್ಜನ ವಯಸ್ಸಿನ ಶಿಪಾಯಿಯನ್ನು ಹತ್ತು ವರ್ಷದ ಹುಡುಗ ಏಕವಚನದಲ್ಲಿ ಕರೆಯುವುದನ್ನು ಕೇಳಿ ನಾವು ನಕ್ಕು ಸುಮ್ಮನಾದರೆ ಆ ಹುಡುಗನಿಗೆ ಜೀವನದ ಪಾಠವೊಂದನ್ನು ತಪ್ಪಾಗಿ ಕಲಿಸಿದಂತಾಯಿತು. ‘ಕಾಕಾ’, ‘ಮಾಮಾ’, ‘ಅವ್ವಾ’, ‘ಮಾವಶಿ’ ಎಂಬ ಮಾತುಗಳು ನಮ್ಮ ಗಡಿನಾಡಿನ ನಾಲಿಗೆಯಲ್ಲಿ ಹೇರಳವಾಗಿವೆ. ಮೂರನೆಯದು, ಎಲ್ಲರಿಗೂ ಒಂದೇ ಕಪ್ಪಿನಲ್ಲಿ ಚಹಾ. ನಮಗೆ ಪಿಂಗಾಣಿ, ಕೆಲಸದವರಿಗೆ ಕಿಟಕಿಯಲ್ಲಿಟ್ಟ ಬೇರೆ ಲೋಟ ಎಂಬ ಏರ್ಪಾಡು ಎಷ್ಟು ಸಿಹಿ ಚಹಾವನ್ನೂ ಕಹಿ ಮಾಡುತ್ತದೆ. ನಾಲ್ಕನೆಯದು, ಅವರವರ ಕೆಲಸದ ಬಗ್ಗೆ ಅವರವರನ್ನೇ ಕೇಳುವುದು. ಯಾವ ಮಗು ಊಟ ಬಿಟ್ಟಿದೆಯೆಂಬುದು ಹಾಜರಿ ಪುಸ್ತಕಕ್ಕಿಂತ ಮೊದಲು ಅಡುಗೆಯವಳಿಗೆ ಗೊತ್ತಾಗುತ್ತದೆ. ಐದನೆಯದು, ಒಳ್ಳೆಯದನ್ನು ಕಂಡಾಗ ಅಂದೇ, ಏನು ಕಂಡೆವೆಂಬುದನ್ನು ಬಿಡಿಸಿ ಹೇಳುವುದು, ಸಾಧ್ಯವಾದರೆ ಬರೆದುಕೊಡುವುದು. ಶಾಲು, ಹಾರಗಳು ಇವೆಲ್ಲವುಗಳ ಮೇಲೆ ಬಂದರೆ ಶೋಭಿಸುತ್ತವೆ.

ಕೊನೆಗೆ ಒಂದು ಎಚ್ಚರಿಕೆ. ಮೆಚ್ಚುಗೆಯನ್ನು ಕಟ್ಟುವ ಹಗ್ಗವಾಗಿ ಮಾಡಿಕೊಳ್ಳಬಾರದು. “ಇಷ್ಟೆಲ್ಲ ಮಾಡಿದೆವು, ಆದರೂ ಬಿಟ್ಟುಹೋದ” ಎಂದು ದೂರುವವನು ಮೆಚ್ಚಿರಲಿಲ್ಲ, ಕೊಂಡುಕೊಂಡಿದ್ದನು. ಹೆಚ್ಚು ಕೂಲಿ ಕೇಳುವ, ರಜೆ ಕೇಳುವ, ಬೇರೆ ಕಡೆ ಹೋಗುವ ಸ್ವಾತಂತ್ರ್ಯ ದುಡಿಯುವವನಿಗೆ ಮೊದಲಿನಷ್ಟೇ ಉಳಿದಿರಬೇಕು. ಜೋಳವಾಳಿಯ ಹಳೆಯ ಲೆಕ್ಕದಲ್ಲಿ ಆಳು ತನ್ನ ಋಣವನ್ನು ಪ್ರಾಣ ಕೊಟ್ಟು ತೀರಿಸಿದನು. ಆ ಲೆಕ್ಕದ ಖಾಲಿ ಉಳಿದ ಪುಟವನ್ನು ತುಂಬುವುದು ಈಗ ನಮ್ಮ ಪಾಳಿ. ಅದಕ್ಕೆ ಪ್ರಾಣ ಬೇಕಾಗಿಲ್ಲ, ಗಮನ ಬೇಕು, ಹೊತ್ತಿಗೆ ಸರಿಯಾಗಿ ಬಿಚ್ಚುವ ಗಂಟು ಬೇಕು.

ಸಂಘದ ಕಾರ್ಯಕಾರಿ ಮಂಡಳಿಗೆ ನಮ್ಮ ವಿನಂತಿ ಒಂದಿದೆ. ಮುಂದಿನ ಸಮ್ಮೇಳನದ ಸ್ಮರಣ ಸಂಚಿಕೆಯಲ್ಲಿ ಸ್ವಾಗತ ಸಮಿತಿ, ಹಣಕಾಸು ಸಮಿತಿಗಳ ಪಟ್ಟಿಯ ಜೊತೆಗೆ ಇನ್ನೂ ಒಂದು ಪುಟ ಇರಲಿ. ಮಂಟಪ ಹಾಕಿದವರು, ರೊಟ್ಟಿ ಬಡಿದ ತಾಯಂದಿರು, ಎಲೆ ಎತ್ತಿದವರು, ಧ್ವನಿವರ್ಧಕ ನೋಡಿಕೊಂಡವರು, ಅಚ್ಚಿನ ಮನೆಯಲ್ಲಿ ರಾತ್ರಿ ಕುಳಿತು ಪುಟ ಜೋಡಿಸಿದವರು ಇವರೆಲ್ಲರ ಹೆಸರುಗಳು, ಅವರನ್ನು ಕೇಳಿ, ತಪ್ಪಿಲ್ಲದೆ ಅಚ್ಚಾಗಲಿ. ಅದಕ್ಕೂ ಮೊದಲು ಅವರೆಲ್ಲರ ಹಣ ಸಮ್ಮೇಳನ ಮುಗಿದ ದಿನವೇ ಅವರ ಕೈಸೇರಲಿ.